ಇನ್ನೂರು ವಿಸಿಟಿಂಗ್ ಕಾರ್ಡ್ ಇವೆ, ಫೋನ್ ಮಾಡಲು ಒಬ್ಬರೂ ಇಲ್ಲ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವನು. ಮೆಕ್ಯಾನಿಕಲ್ ಓದಿ, ಗೆಳೆಯನ ಜೊತೆ ಸೇರಿ ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಮಷೀನ್ ಮಾಡಿದ್ದೇನೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಅಂತ ರಿಜಿಸ್ಟರ್ ಮಾಡಿಸಿದ್ದೇವೆ. ಒಂದು ವರ್ಷದಿಂದ ಬೆಂಗಳೂರಿನ ಸ್ಟಾರ್ಟಪ್ ಮೀಟಪ್‌ಗಳಿಗೆ ಓಡಾಡುತ್ತಿದ್ದೇನೆ. ಇನ್ನೂರು ಕಾರ್ಡ್ ಸೇರಿವೆ, ಲಿಂಕ್ಡ್‌ಇನ್‌ನಲ್ಲಿ ಸಾವಿರ ಜನ ಇದ್ದಾರೆ, ಉಪಯೋಗ ಏನೂ ಆಗಿಲ್ಲ. ನನ್ನ ಇಂಗ್ಲಿಷ್ ಬೇರೆ ಅಷ್ಟಕ್ಕಷ್ಟೆ. ಇನ್ಕ್ಯುಬೇಟರ್‌ನವರು (ಹೊಸ ಕಂಪನಿಗಳನ್ನು ಬೆಳೆಸುವ ಕೇಂದ್ರದವರು) ಕೊಟ್ಟ ಮೆಂಟರ್ (ಸಲಹೆಗಾರರು), ಮಷೀನ್ ಬಿಟ್ಟು ಆ್ಯಪ್ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ಮಷೀನ್ ಮಾರಬೇಡಿ, ಬಾಡಿಗೆಗೆ ಓಡಿಸಿ ಅನ್ನುತ್ತಾರೆ. ಮತ್ತೊಬ್ಬರು ಮೆಂಟರ್ ಆಗಿರುತ್ತೇನೆ, ಕಂಪನಿಯಲ್ಲಿ 5% ಪಾಲು ಕೊಡಿ, ಈ ವಾರವೇ ಸಹಿ ಮಾಡಿ ಅಂತಿದ್ದಾರೆ. ನಾನು ಬೆಂಗಳೂರಿಗೇ ಬಂದು ಇರಬೇಕಾ? ಇವರನ್ನೆಲ್ಲ ಹೇಗೆ ಬಳಸಿಕೊಳ್ಳಬೇಕು?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕಂದ್ರೆ ಅದಕ್ಕೆ ಅವಸರ ಇದೆ. ಈ ವಾರ ಯಾವುದಕ್ಕೂ ಸಹಿ ಹಾಕಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಈಗ ಉಳಿದದ್ದು. ನಿಮ್ಮ ಪತ್ರದಲ್ಲಿ ಎಷ್ಟು ಜನರನ್ನು ಭೇಟಿಯಾದಿರಿ ಅನ್ನುವ ಲೆಕ್ಕ ಇದೆ. ಅವರನ್ನು ಏನು ಕೇಳಿದಿರಿ ಅನ್ನುವುದು ಎಲ್ಲೂ ಇಲ್ಲ. ನನ್ನ ಪ್ರಕಾರ ಗಂಟು ಇರುವುದೇ ಅಲ್ಲಿ. ಮೀಟಪ್‌ನಲ್ಲಿ ಯಾರೋ ಸಿಗುತ್ತಾರೆ. "ಏನು ಮಾಡ್ತಿದ್ದೀರಿ?" ಅಂತಾರೆ. ನೀವು ಎರಡು ನಿಮಿಷ ಹೇಳುತ್ತೀರಿ. "ಸೂಪರ್, ಸಂಪರ್ಕದಲ್ಲಿರೋಣ" ಅಂತ ಕಾರ್ಡ್ ಕೊಟ್ಟು ಹೋಗುತ್ತಾರೆ. ಅವರಿಗೂ ನಿಮಗೆ ಏನು ಬೇಕು ಅಂತ ಗೊತ್ತಾಗಲಿಲ್ಲ. ಗೊತ್ತಾಗದಿದ್ದರೆ ಎಷ್ಟೇ ಒಳ್ಳೆಯವರಾದರೂ ಏನು ಮಾಡಿಯಾರು?

ಹಳೆಯ ಉದಾಹರಣೆ ಒಂದಿದೆ. 1975ರ ಮಾರ್ಚ್‌ನಲ್ಲಿ ಅಮೆರಿಕದ ಮೆನ್ಲೋ ಪಾರ್ಕ್‌ನಲ್ಲಿ ಒಬ್ಬರ ಮನೆಯ ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಶುರುವಾಯಿತು. ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ತಮ್ಮ ಆಪಲ್-1 ಕಂಪ್ಯೂಟರನ್ನು ತೋರಿಸಿದ್ದು, ಅದರ ಸರ್ಕ್ಯೂಟ್ ನಕ್ಷೆಯನ್ನು ಸುಮ್ನೆ ಹಂಚಿದ್ದು ಅಲ್ಲೇ. ಜನ ಹೆಚ್ಚಾದ ಮೇಲೆ ಅವರು ಸಭೆಗೆ ಒಂದು ಕ್ರಮ ಮಾಡಿಕೊಂಡರು. ಮೊದಲು ಒಬ್ಬೊಬ್ಬರೂ ಎದ್ದುನಿಂತು ತಮ್ಮ ಹತ್ತಿರ ಏನಿದೆ, ತಮಗೆ ಏನು ಬೇಕು ಅಂತ ಎಲ್ಲರ ಎದುರು ಹೇಳುವುದು. ಆಮೇಲೆ ಸಭೆ ಬಿಚ್ಚಿ, ಬೇಕಾದವರು ಬೇಕಾದವರ ಹತ್ತಿರ ಹೋಗಿ ಮಾತಾಡುವುದು. ನಮ್ಮ ಮೀಟಪ್‌ಗಳಲ್ಲಿ ಈ ಎರಡನೇ ಭಾಗ ಮಾತ್ರ ಇದೆ, ಸಮೋಸ ಟೀ ಜೊತೆಗೆ. ಮೊದಲನೆಯದನ್ನು ನೀವೇ ಮಾಡಿಕೊಳ್ಳಬೇಕು.

ಮಾಡುವುದು ಹೇಗೆ? ನಿಮಗೆ ಈ ತಿಂಗಳು ಗೊತ್ತಾಗಬೇಕಾದ ಒಂದೇ ಒಂದು ವಿಷಯ ಬರೆದುಕೊಳ್ಳಿ. "ಫಂಡಿಂಗ್ ಬೇಕು", "ಗೈಡೆನ್ಸ್ ಬೇಕು" ಅನ್ನುವಂಥದ್ದಲ್ಲ. ಕೇಳಿಸಿಕೊಂಡವರು "ಅದಕ್ಕೆ ಇಂಥವರು ಇದ್ದಾರೆ" ಅಂತ ತಟ್ಟನೆ ಹೇಳುವಂತಿರಬೇಕು. ಉದಾಹರಣೆಗೆ ಈ ವಾಟ್ಸ್‌ಆ್ಯಪ್ ಸಂದೇಶ ನೋಡಿ. ಇಂಥವು ನನಗೆ ಬರುತ್ತಲೇ ಇರುತ್ತವೆ:

"ನಮಸ್ತೆ ಸರ್, ನಾವು ಕೃಷಿ ಕ್ಷೇತ್ರದಲ್ಲಿ ಕ್ರಾಂತಿಕಾರಿ ಮಷೀನ್ ಮಾಡಿದ್ದೇವೆ. ನಿಮ್ಮ ಮಾರ್ಗದರ್ಶನ ಬೇಕು. ಯಾವಾಗ ಮಾತಾಡಬಹುದು?"

ಇದಕ್ಕೆ ನಾನು "ಮುಂದಿನ ವಾರ ನೋಡೋಣ" ಅನ್ನುತ್ತೇನೆ. ಆ ಮುಂದಿನ ವಾರ ಬರುವುದೇ ಇಲ್ಲ. ಈಗ ಇದನ್ನು ನೋಡಿ:

"ನಮಸ್ತೆ ಸರ್. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಮಷೀನ್ ಮಾಡಿದ್ದೇವೆ, ಒಂದು ನಿಮಿಷದ ವಿಡಿಯೋ ಜೊತೆಗಿದೆ. ಕಾಯಿ ಸ್ವಲ್ಪ ಮೆತ್ತಗಿದ್ದರೆ ಚೆನ್ನಾಗಿ ಓಡುತ್ತೆ. ಗರಿಗರಿಯಾಗಿ ಒಣಗಿದ್ದರೆ ಭುಜದ ಹತ್ತಿರ ಒಡೆದು ಬೀಜ ಉದುರುತ್ತೆ. ರೋಲರ್‌ಗೆ ರಬ್ಬರ್ ಹಾಕಿ ನೋಡಿದೆವು, ಬೇಗ ಸವೆಯಿತು. ಆಹಾರಕ್ಕೆ ತಾಗುವ ರಬ್ಬರ್ ಅಥವಾ ಪಾಲಿಯುರೆಥೇನ್ ರೋಲರ್ ಮಾಡಿಸಿದ ಅನುಭವ ಇರುವವರು ನಿಮಗೆ ಗೊತ್ತಿದ್ದಾರಾ? ಹದಿನೈದು ನಿಮಿಷ ಫೋನಿನಲ್ಲಿ ಸಿಕ್ಕರೆ ಸಾಕು."

ಇದನ್ನು ಓದಿದವರಿಗೆ ಪೀಣ್ಯದಲ್ಲಿ ರೋಲರ್ ಮಾಡುವ ಪರಿಚಯದವರೋ, ಅಕ್ಕಿ ಗಿರಣಿ ಮಷೀನ್ ಮಾಡುವ ಗೆಳೆಯನೋ ನೆನಪಾಗುತ್ತಾರೆ. ನೆನಪಾಗದಿದ್ದರೂ ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುವುದು ಸುಲಭ. ನಿಮಗಾಗಿ ಹೊಸದಾಗಿ ಏನೂ ಬರೆಯಬೇಕಾಗಿಲ್ಲ. ಯಾರಾದರೂ ನಿಮ್ಮನ್ನು ಮತ್ತೊಬ್ಬರಿಗೆ ಪರಿಚಯ ಮಾಡಿಸಬೇಕು ಅಂದರೆ ಆ ಪರಿಚಯದ ನಾಲ್ಕು ಸಾಲನ್ನು ನೀವೇ ಬರೆದು ಕೊಡಿ. ದೊಡ್ಡ ಕೆಲಸದಲ್ಲಿರುವವರು ಸಹಾಯ ಮಾಡದೇ ಇರುವುದು ಮನಸ್ಸಿಲ್ಲದೆ ಅಲ್ಲ, ಹೆಚ್ಚಿನ ಸಲ ಟೈಪ್ ಮಾಡುವ ಸೋಮಾರಿತನಕ್ಕೆ.

ಇಂಗ್ಲಿಷ್ ಬಗ್ಗೆ ಒಂದು ಮಾತು. ಬೆಂಗಳೂರಿನ ಆ ಹಾಲ್‌ಗಳಲ್ಲಿ ಕನ್ನಡ ಬರುವವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಧೈರ್ಯವಾಗಿ ಕನ್ನಡದಲ್ಲೇ ಶುರು ಮಾಡಿ. ಬಾರದವರಿಗೆ ವಿಡಿಯೋ ತೋರಿಸಿ. ಬ್ಯಾಗಿನಲ್ಲಿ ಎರಡು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ, ಒಂದರಲ್ಲಿ ಕೈಯಿಂದ ಬಿಡಿಸಿದ ಕಾಯಿ, ಇನ್ನೊಂದರಲ್ಲಿ ಮಷೀನಿನದು. ನಿಮ್ಮ ಇಡೀ ಪಿಚ್ (ಒಪ್ಪಿಸುವ ಮಾತು) ಅದೇ.

ಇನ್ನು ಹೆಚ್ಚಿನವರು ಮಾಡದೇ ಬಿಡುವ ಕೆಲಸ. ಯಾರೋ ಸಲಹೆ ಕೊಟ್ಟರು, ನೀವು ಮಾಡಿ ನೋಡಿದಿರಿ. ಸರಿಹೋಯಿತೋ ಇಲ್ಲವೋ, ಅವರಿಗೆ ತಿಳಿಸಿ. ಎರಡೇ ಸಾಲು ಸಾಕು: "ನೀವು ಹೇಳಿದವರ ಹತ್ತಿರ ರೋಲರ್ ಮಾಡಿಸಿದೆವು. ಒಡೆಯುವುದು ಅರ್ಧಕ್ಕೆ ಇಳಿದಿದೆ, ಆದರೆ ವೇಗವೂ ಇಳಿದಿದೆ." ಇಂಥ ಮೆಸೇಜ್ ನೋಡಿದ ತಕ್ಷಣ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು "ವೇಗ ಯಾಕೆ ಇಳಿಯಿತು?" ಅಂತ ಕೇಳುತ್ತೇನೆ. ಹಾಗೆ ಕೇಳಿದ ಗಳಿಗೆಗೆ ನಾನು ನಿಮ್ಮ ಮೆಂಟರ್ ಆದೆ ಅಂತಲೇ ಲೆಕ್ಕ. ಮೆಂಟರ್ ಆಗ್ತೀರಾ ಅಂತ ಯಾರನ್ನೂ ಕೇಳುವ ಅಗತ್ಯವೇ ಇಲ್ಲ. ಆ ಪ್ರಶ್ನೆ ಕೇಳಿದರೆ ಮುಂದಿರುವವರು ಗಾಬರಿಯಾಗುತ್ತಾರೆ, ಎಷ್ಟು ಸಮಯ ಹೋಗುತ್ತೋ ಅಂತ. ಸಣ್ಣ ಪ್ರಶ್ನೆ ಕೇಳಿ, ಮಾಡಿ, ಫಲಿತಾಂಶ ತಿಳಿಸಿ, ಮತ್ತೊಂದು ಸಣ್ಣ ಪ್ರಶ್ನೆ ಕೇಳಿ. ನಿಮ್ಮ ಇನ್ನೂರು ಕಾರ್ಡ್‌ಗಳಲ್ಲಿ ಹೀಗೆ ಮೂರು ಜನ ಉಳಿದರೂ ಅದು ದೊಡ್ಡದು.

ಈಗ ಆ್ಯಪ್ ಮಾಡಿ ಅಂದ ಮೆಂಟರ್ ವಿಷಯ. ಅವರು ಕೆಟ್ಟವರಲ್ಲ. ಬಹುಶಃ ಸಾಫ್ಟ್‌ವೇರ್‌ನಲ್ಲಿ ಇಪ್ಪತ್ತು ವರ್ಷ ಕಳೆದವರು, ತಮಗೆ ಗೊತ್ತಿರುವುದನ್ನು ಹೇಳುತ್ತಿದ್ದಾರೆ. ಇನ್ಕ್ಯುಬೇಟರ್‌ಗಳು ಪಟ್ಟಿಯಲ್ಲಿ ಯಾರಿದ್ದಾರೋ ಅವರನ್ನೇ ಜೋಡಿಸುತ್ತವೆ, ಅಲ್ವಾ? ಹಾಗಾಗಿ ಯಾರೇ ಸಲಹೆ ಕೊಟ್ಟರೂ ಮರ್ಯಾದೆಯಿಂದಲೇ ಕೇಳಿ: "ಇದನ್ನು ನೀವು ಎಲ್ಲಿ ನೋಡಿದ್ದೀರಿ ಸರ್? ಅಲ್ಲಿ ಏನಾಯಿತು?" ಉತ್ತರದಲ್ಲಿ ಒಂದು ಕಂಪನಿ, ಒಂದು ಗಿರಾಕಿ, ಒಂದು ನಷ್ಟ ಬಂದರೆ ಅದು ಅನುಭವ. "ಟ್ರೆಂಡ್ ಹಾಗಿದೆ" ಅಂತ ಬಂದರೆ ಅದು ಅಭಿಪ್ರಾಯ, ನಕ್ಕು ಥ್ಯಾಂಕ್ಸ್ ಹೇಳಿ. ಅದೇ ಮೆಂಟರ್ ಹತ್ತಿರ ಲೆಕ್ಕಪತ್ರ, ಜಿಎಸ್‌ಟಿ, ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಪಾಲುದಾರರ ನಡುವಿನ ಒಪ್ಪಂದ ಇಂಥವನ್ನು ಕೇಳಿ. ಅಲ್ಲಿ ಅವರ ಇಪ್ಪತ್ತು ವರ್ಷ ಕೆಲಸಕ್ಕೆ ಬರುತ್ತೆ. ಮೆಂಟರ್ ಬದಲಾಯಿಸಿ ಅಂತ ಇನ್ಕ್ಯುಬೇಟರ್‌ನವರಿಗೆ ಹೇಳುವುದೂ ತಪ್ಪಲ್ಲ. ನಮ್ಮವರು ಸಂಕೋಚಪಡುತ್ತಾರೆ, ಅಷ್ಟೆ.

ಇಬ್ಬರು ಎರಡು ಥರ ಹೇಳಿದ್ದು ನಿಮಗೆ ತಲೆನೋವಾಗಿದೆ. ನಾನಾದರೆ ಅವರಿಬ್ಬರನ್ನೂ ಒಂದೇ ಕರೆಯಲ್ಲಿ ಕೂರಿಸುತ್ತೇನೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಶುರುವಾದ ವೆಂಚರ್ ಮೆಂಟರಿಂಗ್ ಸರ್ವಿಸ್‌ನ ಪದ್ಧತಿಯೇ ಇದು. ಒಬ್ಬ ಉದ್ಯಮಿಯ ಮುಂದೆ ಒಬ್ಬರಲ್ಲ, ಒಂದು ತಂಡದ ಮೆಂಟರ್‌ಗಳು ಕೂರುತ್ತಾರೆ. ಅವರವರಲ್ಲೇ ಜಗಳ ಹತ್ತುತ್ತೆ. ಇದರಲ್ಲಿ ಲಾಭ ಏನಂದ್ರೆ, ಒಬ್ಬರ ಮಾತು ವೇದವಾಕ್ಯ ಆಗುವುದಿಲ್ಲ. ನಿರ್ಧಾರ ನಿಮ್ಮದೇ ಅಂತ ನಿಮಗೆ ಗೊತ್ತಾಗುತ್ತೆ. ಮಾರುವುದೋ ಬಾಡಿಗೆಗೆ ಓಡಿಸುವುದೋ ಅನ್ನುವುದು ಕೂತು ತೀರ್ಮಾನ ಮಾಡುವ ವಿಷಯವೂ ಅಲ್ಲ. ಒಬ್ಬ ವರ್ತಕರ ಗೋದಾಮಿನಲ್ಲಿ ಒಂದು ವಾರ ಮಷೀನ್ ಇಟ್ಟು, ಕೆಜಿಗೆ ಇಷ್ಟು ಅಂತ ಕೂಲಿ ತೆಗೆದುಕೊಂಡು ಓಡಿಸಿ. ವಾರದ ಕೊನೆಗೆ ಅವರೇ "ಇದರ ರೇಟ್ ಎಷ್ಟು?" ಅಂತ ಕೇಳುತ್ತಾರಾ, "ಮುಂದಿನ ವಾರವೂ ತನ್ನಿ" ಅನ್ನುತ್ತಾರಾ ನೋಡಿ. ಅದಕ್ಕಿಂತ ದೊಡ್ಡ ಮೆಂಟರ್ ಇಲ್ಲ.

ಹೀಗೆ ಹೇಳುತ್ತಾ ನಾನು ನಿಮ್ಮನ್ನು ಬೆಂಗಳೂರಿನಿಂದ ವಾಪಸ್ ನಿಮ್ಮ ಜಿಲ್ಲೆಯ ಬ್ಯಾಡಗಿಗೆ ತಂದೆ, ಗಮನಿಸಿದಿರಾ? ನಿಮ್ಮ ವ್ಯವಹಾರಕ್ಕೆ ಬೇಕಾದ ಬಳಗ ಮೊದಲು ಇರುವುದು ಅಲ್ಲಿನ ಎಪಿಎಂಸಿಯಲ್ಲಿ. 2011ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ) ಸಿಕ್ಕ ಕಾಯಿ ಬ್ಯಾಡಗಿಯದು. ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕಾಗಿಯೇ ಓಲಿಯೋರೆಸಿನ್ (ಮಸಾಲೆ ಪದಾರ್ಥದ ಗಟ್ಟಿ ಸಾರ) ತೆಗೆಯುವ ಕಂಪನಿಗಳು ಕೊಳ್ಳುತ್ತವೆ, ಅವುಗಳಲ್ಲಿ ದೊಡ್ಡವು ಕೇರಳದ ಕೊಚ್ಚಿಯ ಸುತ್ತಮುತ್ತ ಇವೆ. ತೊಟ್ಟಿನಲ್ಲಿ ಬಣ್ಣ ಇಲ್ಲ, ತೂಕ ಇದೆ. ಅಂದ ಮೇಲೆ ನಿಮ್ಮ ಮಷೀನಿಗೆ ಬೆಲೆ ಕಟ್ಟಬಲ್ಲವರು ಯಾರು? ಆ ಕಂಪನಿಗಳ ಪರ್ಚೇಸ್ ಮ್ಯಾನೇಜರ್‌ಗಳು, ಮಸಾಲೆ ಪುಡಿ ಮಾಡುವವರು, ಇಲ್ಲಿನ ವರ್ತಕರು, ಕೋಲ್ಡ್ ಸ್ಟೋರೇಜ್ ಮಾಲೀಕರು. ಸೀಸನ್‌ನಲ್ಲಿ ಟೆಂಡರ್ ದಿನ ಇವರೆಲ್ಲರ ಜನ ಒಂದೇ ಅಂಗಳದಲ್ಲಿ ಇರುತ್ತಾರೆ. ಕಾರ್ಡ್ ಬೇಡ, ಪಾಸ್ ಬೇಡ. ದಲಾಲಿ ಅಂಗಡಿಯ ಗಾದಿಯ ಮೇಲೆ ಕೂತು ಒಂದು ಚಹಾ ಕುಡಿದರೆ ಸಿಗುವ ಮಾಹಿತಿ ಯಾವ ಪ್ಯಾನೆಲ್ ಚರ್ಚೆಯಲ್ಲೂ ಸಿಗುವುದಿಲ್ಲ.

ಅದೇ ಅಂಗಳದಲ್ಲಿ, ಗೋದಾಮುಗಳಲ್ಲಿ ಕೈಯಿಂದ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿದ್ದಾರೆ. ಅವರ ಹತ್ತಿರ ಮಾತಾಡಿದ್ದೀರಾ? ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ. ಯಾವ ಕಾಯಿ ಎಷ್ಟು ಮೆತ್ತಗಿದ್ದರೆ ಒಡೆಯುವುದಿಲ್ಲ, ಹೆಬ್ಬೆರಳನ್ನು ಎಲ್ಲಿ ಒತ್ತಬೇಕು, ಕಡ್ಡಿಯ ಥರ ಉದ್ದದ ಕಾಯಿಗೂ ಡಬ್ಬಿಯ ಥರ ದಪ್ಪದ ಕಾಯಿಗೂ ಏನು ವ್ಯತ್ಯಾಸ ಅನ್ನುವುದು ಅವರ ಕೈಗೆ ಗೊತ್ತು. ನಿಮ್ಮ ರೋಲರ್‌ಗೆ ಗೊತ್ತಾಗಬೇಕಾದದ್ದೂ ಅದೇ. ಜೊತೆಗೆ, ನಿಮ್ಮ ಮಷೀನ್ ಬಂದರೆ ಹೋಗುವುದು ಅವರ ಕೂಲಿ. ಮೊದಲ ಮಷೀನ್‌ಗಳನ್ನು ಓಡಿಸುವವರು ಅವರೇ ಆಗಬಹುದಾ, ಸ್ವಸಹಾಯ ಸಂಘದ ಹೆಸರಿನಲ್ಲಿ ಕೊಡಬಹುದಾ ಅಂತ ಯೋಚಿಸಿ. ಗ್ರಾಂಟ್ ಕೊಡುವವರು ಈ ಪ್ರಶ್ನೆ ಹೇಗೂ ಕೇಳುತ್ತಾರೆ. ಅವರು ಕೇಳದಿದ್ದರೂ ಊರು ಕೇಳುತ್ತೆ.

ಹಾಗಂತ ಬ್ಯಾಡಗಿಯಲ್ಲೇ ಕೂತರೆ ಸಾಕಾ? ಸಾಲದು. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂದು ಪ್ರಬಂಧ ಬರೆದರು. ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದ್ದರು. ಆ ಪರಿಚಯದವರನ್ನು ಆಗಾಗ ನೋಡುತ್ತಿದ್ದೆವು ಅಂದವರು ಸುಮಾರು 17% ಮಾತ್ರ. ಉಳಿದವರಿಗೆ ಸುದ್ದಿ ಕೊಟ್ಟವರು ಯಾವಾಗಲೋ ಒಮ್ಮೆ ಸಿಗುವವರು, ಅಪರೂಪಕ್ಕೆ ಸಿಗುವವರು. ಕಾರಣ ಸರಳ. ದಿನಾ ನೋಡುವವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತೆ. ಹೊಸ ವಿಷಯ ಬರುವುದು ದೂರದ ಪರಿಚಯದಿಂದ. ಆದ್ದರಿಂದ ಕಾಲೇಜು ಗೆಳೆಯರ ಗ್ರೂಪ್‌ನಲ್ಲಿ ದಿನವಿಡೀ ಚರ್ಚೆ ಮಾಡುವುದಕ್ಕಿಂತ ಕೊಚ್ಚಿಯ ಒಬ್ಬ ಪರ್ಚೇಸ್ ಮ್ಯಾನೇಜರ್‌ಗೆ ಮೂರು ತಿಂಗಳಿಗೊಮ್ಮೆ ಒಂದು ವಿಡಿಯೋ ಕಳಿಸುವುದು ಮೇಲು.

ನಿಮ್ಮ ಊರಿನಿಂದ ಹತ್ತಿರದಲ್ಲೇ ಹುಬ್ಬಳ್ಳಿ ಇದೆ. ಅಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್ ಇದೆ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಇನ್ಕ್ಯುಬೇಷನ್ ಕೇಂದ್ರ ಇದೆ, ಉದ್ಯಮಿಗಳ ಸಂಘಟನೆಯಾದ ಟೈಯ ಹುಬ್ಬಳ್ಳಿ ಶಾಖೆ ಇದೆ. ಪಕ್ಕದ ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ. ಕೃಷಿ ಯಂತ್ರದವರಿಗೆ ಬೆಂಗಳೂರಿನ ಕೋರಮಂಗಲಕ್ಕಿಂತ ಇದು ಒಳ್ಳೆಯ ಜಾಗ ಅಂತ ನಾನು ಮುಲಾಜಿಲ್ಲದೆ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಶೀಟ್ ಮೆಟಲ್ ಕೆಲಸದವರಿದ್ದಾರೆ, ಲೇತ್ ಇದೆ, ಗಿರಾಕಿ ಒಂದು ಬಸ್ಸಿನ ದೂರದಲ್ಲಿದ್ದಾನೆ. ಮೈಸೂರಿನ ಸಿಎಫ್‌ಟಿಆರ್‌ಐಗೂ ಒಮ್ಮೆ ಹೋಗಿ ಬನ್ನಿ. 1950ರಿಂದ ಆಹಾರ ತಂತ್ರಜ್ಞಾನ ಮಾಡುತ್ತಾ ಬಂದ ಸಂಸ್ಥೆ, ಮಸಾಲೆ ಪದಾರ್ಥಗಳಿಗೇ ಅಲ್ಲಿ ವಿಭಾಗ ಇದೆ. ಅಲ್ಲಿಗೂ "ಮಾರ್ಗದರ್ಶನ ಬೇಕು" ಅಂತ ಹೋಗಬೇಡಿ. ಎರಡು ಕವರ್ ತೆಗೆದುಕೊಂಡು ಹೋಗಿ, ಮಷೀನಿನಲ್ಲಿ ಬಿಡಿಸಿದ ಕಾಯಿಯ ಬಣ್ಣ ಕೈಯಲ್ಲಿ ಬಿಡಿಸಿದ್ದಕ್ಕಿಂತ ಕಡಿಮೆ ಆಗುತ್ತಾ ಅಂತ ಕೇಳಿ.

ಬೆಂಗಳೂರಿಗೆ ಕೆಲಸ ಇದ್ದಾಗ ಮಾತ್ರ ರಾತ್ರಿ ರೈಲು ಹತ್ತಿ. ಸ್ಟಾರ್ಟಪ್‌ಗಳಿಗೆ ಅನುದಾನ ಕೊಡುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಗೆ ಅರ್ಜಿ ಕರೆದಾಗ ಖಂಡಿತ ಹಾಕಿ. 50 ಲಕ್ಷದವರೆಗೆ ಅನುದಾನ ಸಿಗಬಹುದು, ಅದಕ್ಕೆ ಷೇರು ಕೊಡಬೇಕಾಗಿಲ್ಲ. ನವೆಂಬರ್ ಹೊತ್ತಿನ ಬೆಂಗಳೂರು ಟೆಕ್ ಸಮ್ಮಿಟ್‌ಗೆ ಹೋಗುವುದಾದರೆ ಯಾರನ್ನು ನೋಡಬೇಕು ಅಂತ ಎರಡು ವಾರ ಮೊದಲೇ ನಾಲ್ಕು ಹೆಸರು ಗುರುತಿಸಿ ಬರೆದು ಹೋಗಿ. ಸುಮ್ನೆ ಸ್ಟಾಲ್ ಸುತ್ತಿದರೆ ಕೈಚೀಲ, ಪೆನ್ ಸಿಗುತ್ತೆ. ಮನೆಯಲ್ಲೇ ಕೂತು ಮೆಂಟರ್ ಹುಡುಕುವುದಕ್ಕೆ ಕೇಂದ್ರ ಸರ್ಕಾರದ ಸ್ಟಾರ್ಟಪ್ ಇಂಡಿಯಾದವರು 2023ರಲ್ಲಿ ತಂದ ಮಾರ್ಗ್ ಪೋರ್ಟಲ್ ಇದೆ. ಅಲ್ಲಿಯೂ ಪ್ರಶ್ನೆ ಸಣ್ಣದಿದ್ದಷ್ಟೂ ಉತ್ತರ ಒಳ್ಳೆಯದು. "ನೀವು ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ಇಷ್ಟು ಸಾವಿರ ಕಟ್ಟಿ ಬನ್ನಿ" ಅನ್ನುವ ಮೇಲ್‌ಗಳು ಬರುತ್ತವೆ. ಡಿಲೀಟ್ ಮಾಡಿ.

5% ವಿಷಯಕ್ಕೆ ಬರೋಣ. ಸಲಹೆಗಾರರಿಗೆ ಪಾಲು ಕೊಡುವುದು ಲೋಕದಲ್ಲಿ ಇಲ್ಲದ್ದೇನಲ್ಲ. ಸ್ಟಾರ್ಟಪ್‌ಗಳಿಗೆ ತರಬೇತಿ ಕೊಡುವ ಅಮೆರಿಕದ ಫೌಂಡರ್ ಇನ್‌ಸ್ಟಿಟ್ಯೂಟ್‌ನವರು ಇದಕ್ಕೆಂದೇ ಒಂದು ಒಪ್ಪಂದದ ನಮೂನೆ ಮಾಡಿದ್ದಾರೆ, ಬಹಳ ಕಡೆ ಬಳಕೆಯಲ್ಲಿದೆ. ಅದರಲ್ಲಿ ಪಾಲು ಸಾಮಾನ್ಯವಾಗಿ 1%ಗಿಂತ ಹೆಚ್ಚಿಲ್ಲ. ಅದೂ ಒಂದೇ ಸಲ ಕೈಗೆ ಬರುವುದಿಲ್ಲ, ಎರಡು ವರ್ಷದಲ್ಲಿ ಸ್ವಲ್ಪಸ್ವಲ್ಪವಾಗಿ ಬರುತ್ತೆ. ಮೊದಲ ಮೂರು ತಿಂಗಳಲ್ಲಿ ಹೊಂದಿಕೆಯಾಗದಿದ್ದರೆ ಏನೂ ಇಲ್ಲ. ಇದಕ್ಕೆ ಹೋಲಿಸಿ ನಿಮ್ಮವರ 5% ನೋಡಿ, ಅದೂ ಈ ವಾರವೇ, ಅದೂ ಇನ್ನೂ ಒಂದು ಕೆಲಸವೂ ಮಾಡಿಕೊಡದೆ.

ಇಲ್ಲಿ ಕಾನೂನಿನ ಮಾತೂ ಇದೆ. ನಮ್ಮ ಕಂಪನಿ ಕಾಯ್ದೆಯಲ್ಲಿ ಇಎಸ್‌ಒಪಿ (ಕೆಲಸ ಮಾಡುವವರಿಗೆ ಷೇರು ಕೊಡುವ ಯೋಜನೆ) ಇರುವುದು ಉದ್ಯೋಗಿಗಳಿಗೆ, ನಿರ್ದೇಶಕರಿಗೆ. ಹೊರಗಿನ ಸಲಹೆಗಾರರಿಗೆ ಆ ದಾರಿಯಲ್ಲಿ ಕೊಡಲು ಬರುವುದಿಲ್ಲ. ಬೇರೆ ದಾರಿಗಳಿವೆ, ಆದರೆ ಪ್ರತಿಯೊಂದಕ್ಕೂ ತೆರಿಗೆಯ ಬಾಲ ಇದೆ. ಅಂಗಡಿಯಲ್ಲಿ ಸಿಗುವ ಸ್ಟಾಂಪ್ ಪೇಪರ್ ಮೇಲೆ ಬರೆದುಕೊಡುವ ವಿಷಯ ಅಲ್ಲ ಇದು. ಕಂಪನಿ ಸೆಕ್ರೆಟರಿ (ಕಂಪನಿ ಕಾನೂನು ಬಲ್ಲ ವೃತ್ತಿಪರರು) ಒಬ್ಬರನ್ನು ಕೇಳದೆ ಮುಂದೆ ಹೋಗಬೇಡಿ. ನಾಳೆ ನಿಜವಾದ ಹೂಡಿಕೆದಾರರು ಬಂದಾಗ ಮೊದಲು ನೋಡುವುದು ಷೇರು ಯಾರ್ಯಾರ ಹೆಸರಿನಲ್ಲಿದೆ ಅಂತ. ಕೆಲಸ ಮಾಡದವರ ಹೆಸರಿನಲ್ಲಿ 5% ಕಂಡರೆ ಅಲ್ಲೇ ಮುಖ ಸಿಂಡರಿಸುತ್ತಾರೆ.

ಅವರಿಗೆ ಏನು ಹೇಳಬೇಕು ಅಂತೀರಾ? ಒರಟಾಗಿ ಇಲ್ಲ ಅನ್ನಬೇಕಿಲ್ಲ. "ಸರ್, ಮೂರು ತಿಂಗಳು ಜೊತೆಯಲ್ಲಿ ಕೆಲಸ ಮಾಡಿ ನೋಡೋಣ. ಈ ಮೂರು ತಿಂಗಳಲ್ಲಿ ಒಂದು ಮಸಾಲೆ ಕಂಪನಿಯಲ್ಲಿ ಮಷೀನ್ ಟ್ರಯಲ್ ಮಾಡಿಸಿಕೊಡಲು ಆಗುತ್ತಾ? ಆಮೇಲೆ ಪಾಲಿನ ಮಾತು ಆಡೋಣ" ಅನ್ನಿ. ನಿಮ್ಮ ಮೇಲೆ ನಂಬಿಕೆ ಇರುವವರು ಒಪ್ಪುತ್ತಾರೆ. ಉಳಿದವರು ಫೋನ್ ತೆಗೆಯುವುದು ನಿಲ್ಲಿಸುತ್ತಾರೆ, ಖರ್ಚಿಲ್ಲದೆ ವಿಷಯ ಮುಗಿಯಿತು. ಹಣ ಹಾಕಿಸಿಕೊಡುತ್ತೇನೆ, ಬಂದದ್ದರಲ್ಲಿ ಇಷ್ಟು ಕಮಿಷನ್ ಕೊಡಿ ಅನ್ನುವವರು ಬೇರೆ ಜಾತಿಯವರು. ಅವರು ದಲ್ಲಾಳಿಗಳು, ಮೆಂಟರ್ ಅಲ್ಲ. ದಲ್ಲಾಳಿತನ ತಪ್ಪು ಅಂತಲ್ಲ, ಹೆಸರು ಬದಲಿಸಿ ಬರುವುದು ತಪ್ಪು.

ನೀವು ಕೇಳದೇ ಇರುವ ಒಂದು ವಿಷಯ ಹೇಳಿ ಮುಗಿಸುತ್ತೇನೆ. ವಿಡಿಯೋ ಕಳಿಸಿ, ಕಂಡವರಿಗೆಲ್ಲ ತೋರಿಸಿ ಅಂತ ಮೇಲೆಲ್ಲ ಹೇಳಿದ್ದೇನಲ್ಲ, ಅದಕ್ಕೆ ಮುಂಚೆ ಮಾಡಬೇಕಾದ ಕೆಲಸ ಇದು. ಮೆಂಟರ್‌ಗಳು, ಹೂಡಿಕೆದಾರರು ಗೋಪ್ಯತೆಯ ಪತ್ರಕ್ಕೆ ಸಾಮಾನ್ಯವಾಗಿ ಸಹಿ ಹಾಕುವುದಿಲ್ಲ, ಕೇಳಿಯೂ ಪ್ರಯೋಜನ ಇಲ್ಲ. ನಿಮ್ಮ ಮಷೀನಿನ ಒಳಗೆ ನಿಜವಾಗಿ ಹೊಸದಾದದ್ದು ಇದ್ದರೆ, ಅದನ್ನು ಸಾರ್ವಜನಿಕವಾಗಿ ತೋರಿಸಿದ ಮೇಲೆ ಪೇಟೆಂಟ್ ಸಿಗುವುದು ಕಷ್ಟ. ಅದಕ್ಕೇ ಮೊದಲು ಪೇಟೆಂಟ್‌ಗೆ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಆನ್‌ಲೈನ್‌ನಲ್ಲಿ ಹಾಕಿದರೆ ವ್ಯಕ್ತಿಗಳಿಗೆ ಮತ್ತು ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಸರ್ಕಾರಿ ಶುಲ್ಕ 1,600 ರೂಪಾಯಿ. ವಕೀಲರ ಫೀ ಬೇರೆ. ಪೂರ್ಣ ಅರ್ಜಿ ಹಾಕಲು ಅಲ್ಲಿಂದ 12 ತಿಂಗಳು ಸಮಯ ಇರುತ್ತೆ. ಅಷ್ಟರಲ್ಲಿ ಒಂದು ಸೀಸನ್ ಮುಗಿದಿರುತ್ತೆ, ಅದಕ್ಕೆ ಇನ್ನೂ ದುಡ್ಡು ಹಾಕಬೇಕಾ ಬೇಡವಾ ಅನ್ನುವುದು ಆ ಹೊತ್ತಿಗೆ ನಿಮಗೇ ಗೊತ್ತಾಗಿರುತ್ತೆ. ಹೊರಗಿನ ಕವಚ ಮುಚ್ಚಿ, ಕಾಯಿ ಒಳಗೆ ಹೋಗುವುದು ಮತ್ತು ಹೊರಗೆ ಬರುವುದು ಮಾತ್ರ ಕಾಣುವಂತೆ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ಅರ್ಜಿಯ ನಂಬರ್ ಬರುವವರೆಗೆ ಅದನ್ನಷ್ಟೇ ಕಳಿಸಿ.